ಕಚೇರಿಯ ಕ್ಯಾಲೆಂಡರ್ ಯಾರಿಗೆ ಎಷ್ಟು ಕಾಣಬೇಕು

ಸಹೋದ್ಯೋಗಿಗಳ ಕ್ಯಾಲೆಂಡರ್ ನೋಡುವ ಸೌಲಭ್ಯ ಹುಟ್ಟಿದ್ದು ಸಣ್ಣದಾದರೂ ದಿನವೂ ಕಾಡುವ ಒಂದು ತೊಂದರೆಯಿಂದ: ನಾಲ್ಕಾರು ಜನರಿಗೆ ಒಟ್ಟಿಗೆ ಬಿಡುವಿರುವ ಹೊತ್ತನ್ನು ಹುಡುಕುವುದು. ಒಬ್ಬರಿಗೆ ಆದ ಹೊತ್ತು ಇನ್ನೊಬ್ಬರಿಗೆ ಆಗದು. ಇಬ್ಬರೂ ಒಪ್ಪಿದ್ದು ಮೂರನೆಯವರಿಗೆ ಕೂಡಿಬರದು. ಎಲ್ಲರೂ ಒಪ್ಪಿದರೆಂದು ನಿಟ್ಟುಸಿರು ಬಿಟ್ಟಾಗ ಮೀಟಿಂಗ್ ಕೋಣೆ ಖಾಲಿ ಇರದು. ಔಟ್‌ಲುಕ್, ಗೂಗಲ್ ಕ್ಯಾಲೆಂಡರ್, ಜೋಹೋ ಕ್ಯಾಲೆಂಡರ್‌ನಂಥ ತಂತ್ರಾಂಶಗಳು ನೌಕರರ ದಿನಚರಿಗಳನ್ನೆಲ್ಲ ಸರ್ವರ್‌ನಲ್ಲಿಟ್ಟು, ಯಾರು ಯಾರದನ್ನು ಎಷ್ಟು ನೋಡಬಹುದು ಎಂಬುದಕ್ಕೆ ಅನುಮತಿಗಳ ಕಟ್ಟು ಹಾಕಿ, ಆ ಹುಡುಕಾಟವನ್ನು ಕೆಲವೇ ಕ್ಷಣಗಳ ಕೆಲಸವಾಗಿಸಿವೆ. ತೊಂದರೆ ನೀಗಿದ ಮೇಲೆ ಉಳಿದದ್ದು ಅದಕ್ಕಿಂತ ಗಂಭೀರವಾದ ಪ್ರಶ್ನೆ. ಬಿಡುವಿನ ಹೊತ್ತು ತೋರಿಸಲು ಹೊರಟ ಕ್ಯಾಲೆಂಡರ್, ಅದರ ಜೊತೆಗೆ ಇನ್ನೇನೇನನ್ನು ತೋರಿಸಿಬಿಡುತ್ತದೆ?

ಈ ಸೌಲಭ್ಯ ಇಂಟರ್ನೆಟ್ ಮನೆಮಾತಾಗುವ ಎಷ್ಟೋ ಮೊದಲಿನದು. ಐಬಿಎಂ ಕಂಪನಿ 1981ರಲ್ಲಿ ಹೊರತಂದ ಪ್ರಾಫ್ಸ್ ಎಂಬ ಕಚೇರಿ ವ್ಯವಸ್ಥೆಯಲ್ಲಿ ಮೇಲ್ ಜೊತೆ ಕ್ಯಾಲೆಂಡರ್ ಕೂಡ ಇತ್ತು. ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರಿಗೆ ಜೋಡಿಸಿದ ಪರದೆಗಳ ಮೇಲೆ ಒಬ್ಬರ ದಿನಚರಿಯನ್ನು ಇನ್ನೊಬ್ಬರು ನೋಡಬಹುದಿತ್ತು. ಅದೇ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಐರೀನ್ ಗ್ರೈಫ್ ಮತ್ತು ಸುನಿಲ್ ಸರಿನ್, ಹಲವರು ತಮ್ಮ ತಮ್ಮ ಕ್ಯಾಲೆಂಡರ್‌ಗಳನ್ನು ಮುಂದಿಟ್ಟುಕೊಂಡು ಒಟ್ಟಿಗೆ ಸಮಯ ಗೊತ್ತುಮಾಡುವ ಪ್ರಾಯೋಗಿಕ ವ್ಯವಸ್ಥೆಯನ್ನು ಕಟ್ಟಿದರು. 1990ರ ದಶಕದಲ್ಲಿ ಮೈಕ್ರೋಸಾಫ್ಟ್‌ನ ಶೆಡ್ಯೂಲ್ ಪ್ಲಸ್, ಲೋಟಸ್ ನೋಟ್ಸ್‌ನ ಕ್ಯಾಲೆಂಡರ್, ಆಮೇಲೆ 1997ರಲ್ಲಿ ಔಟ್‌ಲುಕ್ ಬಂದವು. ಗೂಗಲ್ ಕ್ಯಾಲೆಂಡರ್ ಬಂದದ್ದು 2006ರ ಏಪ್ರಿಲ್‌ನಲ್ಲಿ. ಹೆಸರು ಬದಲಾದರೂ ಒಳಗಿನ ಎಣಿಕೆ ಹೆಚ್ಚು ಬದಲಾಗಿಲ್ಲ.

ಆ ಎಣಿಕೆಯನ್ನು ಹತ್ತಿರದಿಂದ ನೋಡಿದರೆ ಅದರ ಸಂಯಮ ಮೆಚ್ಚುವಂಥದ್ದು. ಮೀಟಿಂಗ್ ಕರೆಯುವವರು ಹೆಸರುಗಳನ್ನು ಸೇರಿಸಿದ ಕೂಡಲೇ ತಂತ್ರಾಂಶ ಸರ್ವರನ್ನು ಕೇಳುವುದು ಇಷ್ಟೇ: ಈ ವ್ಯಕ್ತಿ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಬಿಡುವಾಗಿದ್ದಾರೆಯೇ? ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ ಇದಕ್ಕೆ ಅಂಕೆಗಳ ಒಂದು ಸಾಲಿನಲ್ಲಿ ಉತ್ತರ ಕೊಡಬಲ್ಲದು. ಸಾಮಾನ್ಯವಾಗಿ ಅರ್ಧ ಗಂಟೆಗೆ ಒಂದು ಅಂಕೆ. 0 ಎಂದರೆ ಬಿಡುವು, 1 ಎಂದರೆ ಇನ್ನೂ ಖಚಿತವಾಗದ್ದು, 2 ಎಂದರೆ ಬಿಡುವಿಲ್ಲ, 3 ಎಂದರೆ ಕಚೇರಿಯಲ್ಲೇ ಇಲ್ಲ. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗಿನ ಉತ್ತರ 00220100 ಎಂದು ಬಂದರೆ, 10ರಿಂದ 11ರವರೆಗೆ ಆ ವ್ಯಕ್ತಿಗೆ ಕೆಲಸವಿದೆ, 11.30ರ ಅರ್ಧ ಗಂಟೆ ಅನುಮಾನ, ಉಳಿದದ್ದೆಲ್ಲ ಖಾಲಿ. ಆ ಒಂದು ಗಂಟೆ ಗ್ರಾಹಕರ ಜೊತೆಗಿನ ಮಾತುಕತೆಯೋ, ಆಸ್ಪತ್ರೆ ಭೇಟಿಯೋ, ಮಗುವಿನ ಶಾಲೆಯ ಸಭೆಯೋ ಎಂಬುದು ಆ ಎಂಟು ಅಂಕೆಗಳಲ್ಲಿ ಎಲ್ಲೂ ಇಲ್ಲ. ಮೀಟಿಂಗ್ ಗೊತ್ತುಮಾಡಲು ಅದು ಬೇಕಾಗಿಯೂ ಇಲ್ಲ.

ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರ್‌ಗಳು ಒಂದರೊಡನೊಂದು ಮಾತಾಡಲು ಐಕ್ಯಾಲೆಂಡರ್ ಎಂಬ ಮಾನಕವಿದೆ. ಲೋಟಸ್‌ನ ಫ್ರಾಂಕ್ ಡಾಸನ್ ಮತ್ತು ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್ ಬರೆದ ಅದರ ಮೊದಲ ರೂಪ 1998ರಲ್ಲೂ, ಪರಿಷ್ಕೃತ ರೂಪ 2009ರಲ್ಲೂ ಪ್ರಕಟವಾದವು. ಪೈಪೋಟಿಯಲ್ಲಿದ್ದ ಎರಡು ಕಂಪನಿಗಳ ಎಂಜಿನಿಯರುಗಳು ಕೂಡಿ ಇದನ್ನು ಬರೆದದ್ದರಿಂದಲೇ ಇವತ್ತು ಜಿಮೇಲ್‌ನಿಂದ ಹೋದ ಇನ್ವೈಟ್ ಔಟ್‌ಲುಕ್‌ನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆ. ಬಿಡುವು ಇದೆ ಅಥವಾ ಇಲ್ಲ ಎಂಬ ಮಾಹಿತಿಯನ್ನು ಕಾರ್ಯಕ್ರಮದ ವಿವರದಿಂದ ಬೇರೆಯಾಗಿ ಕಳಿಸಲು ಈ ಮಾನಕದಲ್ಲಿ ಪ್ರತ್ಯೇಕ ಭಾಗವೇ ಇದೆ. ಸಮಯ ತಿಳಿಸುವುದು ಒಂದು, ವಿಷಯ ತಿಳಿಸುವುದು ಇನ್ನೊಂದು ಎಂಬ ಭೇದ ಅಡಿಪಾಯದಲ್ಲೇ ಇದೆ.

ಈ ಅಡಿಪಾಯದ ಮೇಲೆ ಅನುಮತಿಯ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲಲ್ಲಿ ಬಿಡುವಿನ ಮಾಹಿತಿ ಮಾತ್ರ ಕಾಣುತ್ತದೆ. ಔಟ್‌ಲುಕ್‌ನಲ್ಲಿ ಅದರ ಮೇಲೆ ಮೀಟಿಂಗಿನ ಶೀರ್ಷಿಕೆ ಮತ್ತು ಸ್ಥಳ ಕಾಣುವ ಹಂತವಿದೆ. ಗೂಗಲ್‌ನಲ್ಲಿ ಆ ನಡುವಿನ ಹಂತವಿಲ್ಲದೆ ನೇರವಾಗಿ ಎಲ್ಲ ವಿವರ ಕಾಣುವ ಹಂತಕ್ಕೆ ಹೋಗಬೇಕು. ಆಮೇಲೆ ತಿದ್ದುವ ಅಧಿಕಾರ. ಎಲ್ಲಕ್ಕಿಂತ ಮೇಲೆ, ಗೂಗಲ್‌ನಲ್ಲಾದರೆ ಬೇರೆಯವರಿಗೂ ಹಂಚುವ ಅಧಿಕಾರ, ಔಟ್‌ಲುಕ್‌ನಲ್ಲಾದರೆ ಪ್ರತಿನಿಧಿಯಾಗಿ ಉತ್ತರಿಸುವ ಅಧಿಕಾರ. ಕೊನೆಯದು ಹಿರಿಯ ಅಧಿಕಾರಿಗಳ ಆಪ್ತ ಸಹಾಯಕರಿಗೆ ಅವಶ್ಯ: ಇನ್ವೈಟ್‌ಗಳು ಅವರಿಗೂ ಬರುತ್ತವೆ, ಅಧಿಕಾರಿಯ ಪರವಾಗಿ ಅವರೇ ಒಪ್ಪಬಹುದು, ತಳ್ಳಿಹಾಕಬಹುದು. ಗೂಗಲ್‌ನಲ್ಲಿ ತಿದ್ದುವ ಅಧಿಕಾರ ಪಡೆದವರ ಮುಂದೆ ಯಾವುದೂ ಗುಟ್ಟಾಗಿ ಉಳಿಯುವುದಿಲ್ಲ ಎಂಬುದು ಮಾತ್ರ ಎಷ್ಟೋ ಜನರ ಗಮನಕ್ಕೆ ಬಂದಿರುವುದಿಲ್ಲ. ಗೂಗಲ್ ಕ್ಯಾಲೆಂಡರ್‌ನಲ್ಲಿ ‘ಖಾಸಗಿ’ ಎಂದು ಗುರುತಿಸಿದ ಕಾರ್ಯಕ್ರಮವೂ ತಿದ್ದುವ ಅಧಿಕಾರ ಇರುವವರಿಗೆ ಪೂರ್ತಿ ಕಾಣುತ್ತದೆ.

ಇಷ್ಟು ಮೆಟ್ಟಿಲುಗಳಿದ್ದರೂ ಬಹುಪಾಲು ಜನ ಮೊದಲ ದಿನ ಯಾವ ಮೆಟ್ಟಿಲ ಮೇಲೆ ನಿಲ್ಲಿಸಲಾಯಿತೋ ಅಲ್ಲೇ ವರ್ಷಗಟ್ಟಲೆ ನಿಂತಿರುತ್ತಾರೆ. ಇದು ಬರಿಯ ಊಹೆಯಲ್ಲ. 1990ರ ದಶಕದಲ್ಲಿ ಜೊನಾಥನ್ ಗ್ರೂಡಿನ್ ಮತ್ತು ಲೀಷಿಯಾ ಪೇಲನ್ ಎಂಬ ಸಂಶೋಧಕರು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಮತ್ತು ಮೈಕ್ರೋಸಾಫ್ಟ್ ಕಂಪನಿಗಳಲ್ಲಿ ಕ್ಯಾಲೆಂಡರ್ ಬಳಕೆಯನ್ನು ಅಧ್ಯಯನ ಮಾಡಿದರು. ಸನ್‌ನ ತಂತ್ರಾಂಶದಲ್ಲಿ ಎಲ್ಲರ ಕ್ಯಾಲೆಂಡರ್ ಎಲ್ಲರಿಗೂ ವಿವರಸಹಿತ ತೆರೆದಿರುವುದೇ ಮೂಲ ವ್ಯವಸ್ಥೆ. ಮೈಕ್ರೋಸಾಫ್ಟ್‌ನಲ್ಲಿ ಬಿಡುವು ಮಾತ್ರ ಕಾಣುವುದು ಮೂಲ ವ್ಯವಸ್ಥೆ. ಎರಡೂ ಕಡೆ ಹೆಚ್ಚಿನವರು ಅದನ್ನು ಬದಲಿಸಲಿಲ್ಲ. ಅಷ್ಟೇ ಅಲ್ಲ, ಎರಡೂ ಕಡೆ ಜನ ತಮ್ಮಲ್ಲಿರುವುದೇ ಸಹಜವೆಂದುಕೊಂಡು ಅದರ ಸುತ್ತ ನಡವಳಿಕೆ ರೂಢಿಸಿಕೊಂಡರು. ತೆರೆದ ಕ್ಯಾಲೆಂಡರ್ ಇದ್ದ ಕಡೆ ಅದನ್ನು ನೋಡಿ ಸಹೋದ್ಯೋಗಿ ಎಲ್ಲಿ ಸಿಗುತ್ತಾರೆ, ಯಾವ ಯೋಜನೆಯಲ್ಲಿ ತೊಡಗಿದ್ದಾರೆ ಎಂದು ತಿಳಿಯುವುದು ವಾಡಿಕೆಯಾಯಿತು. ಜೊತೆಗೆ ಬೇರೆಯವರಿಗೆ ಅರ್ಥವಾಗದಂತೆ ಸಂಕೇತದಲ್ಲಿ ಬರೆದಿಡುವುದೂ ಬಂತು. ಆದ್ದರಿಂದ ಸಂಸ್ಥೆಯ ಅಡ್ಮಿನ್ ಒಬ್ಬರು ಮೊದಲ ದಿನ ಗುರುತು ಹಾಕುವ ಒಂದು ಆಯ್ಕೆ, ಸಾವಿರ ಜನರ ಪರವಾಗಿ ತೆಗೆದುಕೊಂಡ ತೀರ್ಮಾನವೇ ಆಗಿರುತ್ತದೆ. ಅದನ್ನು ಆ ಸಾವಿರ ಜನರಿಗೆ ಬಾಯಿಬಿಟ್ಟು ಹೇಳುವ ಸಂಸ್ಥೆಗಳು ಕಡಿಮೆ.

ಗ್ರೂಡಿನ್ 1988ರಲ್ಲೇ ಇನ್ನೊಂದು ಮುಖ್ಯ ಸಂಗತಿಯನ್ನು ಎತ್ತಿ ತೋರಿಸಿದ್ದರು. ಮೀಟಿಂಗ್ ಗೊತ್ತುಮಾಡುವ ತಂತ್ರಾಂಶದಿಂದ ಲಾಭವಾಗುವುದು ಮೀಟಿಂಗ್ ಕರೆಯುವವರಿಗೆ, ಅಂದರೆ ಬಹುಮಟ್ಟಿಗೆ ಮ್ಯಾನೇಜರುಗಳಿಗೆ. ಅದು ನಡೆಯಬೇಕಾದರೆ ಕ್ಯಾಲೆಂಡರ್ ತುಂಬಿಸುತ್ತ ಕೂರಬೇಕಾದವರು ಉಳಿದವರೆಲ್ಲ. ದುಡಿಮೆ ಒಬ್ಬರದು, ಫಲ ಇನ್ನೊಬ್ಬರದು ಎಂಬಂಥ ವ್ಯವಸ್ಥೆ ನಿಲ್ಲುವುದು ಕಷ್ಟ ಎಂಬುದು ಅವರ ವಾದ. ಆದರೆ ಕೆಲವೇ ವರ್ಷಗಳಲ್ಲಿ ಇಂಥ ಕ್ಯಾಲೆಂಡರ್‌ಗಳು ದೊಡ್ಡ ಕಂಪನಿಗಳಲ್ಲಿ ಬೇರೂರಿದವು. ಮೇಲ್ ಜೊತೆಗೇ ಕೂಡಿಬಂದದ್ದು, ಬಳಸಲು ಸುಲಭವಾದದ್ದು, ಸುತ್ತಲಿನವರೆಲ್ಲ ಬಳಸುವಾಗ ಒಬ್ಬರೇ ಹೊರಗುಳಿಯಲಾಗದ ಒತ್ತಡ ಇದಕ್ಕೆ ಕಾರಣ. ಆದರೂ ಅವರು ಗುರುತಿಸಿದ ಅಸಮತೋಲ ಹೋಗಿಲ್ಲ. ಕ್ಯಾಲೆಂಡರನ್ನು ಶ್ರದ್ಧೆಯಿಂದ ತುಂಬಿದವರ ಖಾಲಿ ಹೊತ್ತು ನಿಜವಾಗಿಯೂ ಖಾಲಿ. ಅದಕ್ಕೇ ಎಲ್ಲರ ಇನ್ವೈಟ್‌ಗಳೂ ಅಲ್ಲಿಗೇ ಬಂದು ಬೀಳುತ್ತವೆ. ಕೆಲಸ ಮಾಡಲು ಬೇಕಾದ ಎರಡು ಗಂಟೆಯ ಏಕಾಂತ, ಅದನ್ನು ಮೀಟಿಂಗ್ ಎಂಬಂತೆ ನಮೂದಿಸದ ಹೊರತು, ತಂತ್ರಾಂಶದ ಕಣ್ಣಿಗೆ ಬಿಡುವೇ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ‘ಕ್ಯಾಲೆಂಡರ್ ಬ್ಲಾಕ್ ಮಾಡಿಡು’ ಎಂಬ ಸಲಹೆ ದಿನವೂ ಕಿವಿಗೆ ಬೀಳುವುದು ಇದರಿಂದಲೇ. ಗೂಗಲ್ 2021ರಲ್ಲಿ ಸೇರಿಸಿದ ‘ಫೋಕಸ್ ಟೈಮ್’ ಈ ರೂಢಿಗೆ ಸಿಕ್ಕ ಅಧಿಕೃತ ಮನ್ನಣೆ; ಆ ಹೊತ್ತಿಗೆ ಬಂದ ಇನ್ವೈಟನ್ನು ತಾನೇ ತಿರಸ್ಕರಿಸುವಂತೆಯೂ ಅದನ್ನು ಹೊಂದಿಸಬಹುದು.

ಹಾಗಾದರೆ ಎಷ್ಟು ತೆರೆದಿಡಬೇಕು? ಇಡೀ ಸಂಸ್ಥೆಗೆ ಬಿಡುವಿನ ಮಾಹಿತಿ, ಒಟ್ಟಿಗೆ ದುಡಿಯುವ ತಂಡಕ್ಕೆ ಶೀರ್ಷಿಕೆ, ತಿದ್ದುವ ಅಧಿಕಾರ ನಿಜಕ್ಕೂ ಅಗತ್ಯವಿರುವ ಒಬ್ಬಿಬ್ಬರಿಗೆ ಮಾತ್ರ ಎಂಬುದು ಹೆಚ್ಚಿನ ಕಚೇರಿಗಳಿಗೆ ಹೊಂದುವ ಏರ್ಪಾಡು. ತಂಡದೊಳಗೆ ಶೀರ್ಷಿಕೆ ಕಾಣುವುದರಿಂದ ನಿಜವಾದ ಉಪಯೋಗವಿದೆ: ಅರ್ಜೆಂಟ್ ಪ್ರಶ್ನೆಯೊಂದನ್ನು ಹೊತ್ತ ಸಹೋದ್ಯೋಗಿ, ಆ ಮೀಟಿಂಗ್ ತಡೆಯಬಹುದಾದದ್ದೋ ಅಲ್ಲವೋ ಎಂದು ತಾನೇ ತೀರ್ಮಾನಿಸಬಹುದು. ಎಲ್ಲ ಬಾಗಿಲನ್ನೂ ತೆರೆದಿಟ್ಟರೆ ನಂಬಿಕೆ ಬೆಳೆಯುತ್ತದೆ ಎಂಬ ವಾದವೂ ಕೇಳಿಬರುತ್ತದೆ. ಆದರೆ ಅದರ ಭಾರ ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲ. ವಾರಕ್ಕೊಮ್ಮೆ ಆಪ್ತ ಸಮಾಲೋಚಕರನ್ನು ಕಾಣುವವರು, ಗರ್ಭಿಣಿಯಾಗಿರುವ ವಿಷಯವನ್ನು ಇನ್ನೂ ಯಾರಿಗೂ ಹೇಳದವರು, ಎಚ್‌ಆರ್‌ಗೆ ದೂರು ಕೊಡಲು ಸಮಯ ಕೇಳಿದವರು ತೆರೆದ ಕ್ಯಾಲೆಂಡರ್‌ನಲ್ಲಿ ಕಳೆದುಕೊಳ್ಳುವುದು ಬಹಳ; ಮುಚ್ಚಿಡಲು ಏನೂ ಇಲ್ಲದ ಹಿರಿಯರು ಕಳೆದುಕೊಳ್ಳುವುದು ಏನೂ ಇಲ್ಲ. ತೆರೆದಿಡಬೇಕೆಂದು ನಿರ್ಧರಿಸುವವರು ಸಾಮಾನ್ಯವಾಗಿ ಎರಡನೆಯ ಗುಂಪಿನವರು.

‘ಖಾಸಗಿ’ ಎಂಬ ಗುರುತು ಇಂಥವರಿಗೆ ಆಸರೆ, ಆದರೆ ಅರೆ ಆಸರೆ. ಬೇರೆ ತಂತ್ರಾಂಶಗಳ ಮೂಲಕ ವಿವರ ಕಾಣಿಸಿಕೊಳ್ಳಬಹುದಾದ್ದರಿಂದ ಈ ಗುರುತೊಂದನ್ನೇ ನಂಬಿ ಕೂರಬಾರದೆಂದು ಔಟ್‌ಲುಕ್ ವಿಷಯದಲ್ಲಿ ಮೈಕ್ರೋಸಾಫ್ಟ್ ತಾನೇ ಎಚ್ಚರಿಸಿದೆ. ಮೀಟಿಂಗ್‌ಗೆ ಕರೆದವರ ಕ್ಯಾಲೆಂಡರ್‌ಗಳಲ್ಲೂ ಅದೇ ನಮೂದು ಇರುತ್ತದೆ ಎಂಬುದನ್ನೂ ನೆನಪಿಡಬೇಕು. ಅವರಲ್ಲೊಬ್ಬರ ಕ್ಯಾಲೆಂಡರ್ ಎಲ್ಲರಿಗೂ ತೆರೆದಿದ್ದರೆ ಗುಟ್ಟು ಆ ಕಡೆಯಿಂದ ಸೋರಬಹುದು. ಮೂರನೆಯ ದಾರಿ ಮೀಟಿಂಗ್ ಕೋಣೆ. ಕೋಣೆಗೂ ಒಂದು ಕ್ಯಾಲೆಂಡರ್ ಇರುತ್ತದೆ, ಯಾವ ಹೊತ್ತಿಗೆ ಅದನ್ನು ಯಾರು ಹಿಡಿದಿದ್ದಾರೆಂದು ನೋಡಲು ಜನ ಅದನ್ನು ತೆರೆಯುತ್ತಲೇ ಇರುತ್ತಾರೆ. ಎಕ್ಸ್‌ಚೇಂಜ್ ರೂಪಿಸಿದವರು ಇದನ್ನು ಮುಂಗಂಡಿದ್ದರು: ಕೋಣೆಗೆ ಬುಕಿಂಗ್ ಬಂದಾಗ ಮೀಟಿಂಗಿನ ಶೀರ್ಷಿಕೆಯನ್ನು ಅಳಿಸಿ ಆ ಜಾಗದಲ್ಲಿ ಕರೆದವರ ಹೆಸರಿಡುವುದು ಅಲ್ಲಿನ ಮೂಲ ವ್ಯವಸ್ಥೆ. ಕೋಣೆ ಯಾರ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ, ಒಳಗೆ ಯಾವ ವಿಷಯ ಎಂದು ಗೊತ್ತಾಗುವುದಿಲ್ಲ. ಆದರೂ ಸಂಬಳ ಪರಿಷ್ಕರಣೆ, ಸಿಬ್ಬಂದಿ ಕಡಿತದಂಥ ಸಭೆಗಳಿಗೆ ಶೀರ್ಷಿಕೆಯಲ್ಲೇ ವಿಷಯ ಬರೆಯದಿರುವುದು ಎಲ್ಲಕ್ಕಿಂತ ಭದ್ರ.

ಎಷ್ಟೇ ಮುಚ್ಚಿದರೂ ಸಂಸ್ಥೆಗೆ ಮಾತ್ರ ಅದು ಮುಚ್ಚಿರುವುದಿಲ್ಲ. ಕಚೇರಿಯ ಖಾತೆಯಲ್ಲಿರುವ ಕ್ಯಾಲೆಂಡರ್ ಕಚೇರಿಯ ದಾಖಲೆ. ಅಡ್ಮಿನ್ ಅಧಿಕಾರವಿರುವವರು ಬೇಕಾದಾಗ ಅದನ್ನು ತೆರೆಯಬಲ್ಲರು, ಅಳಿಸಿದ್ದೂ ಬ್ಯಾಕಪ್‌ನಲ್ಲಿ ಉಳಿದಿರಬಹುದು. ಪ್ರಾಫ್ಸ್ ವ್ಯವಸ್ಥೆಯನ್ನೇ ಬಳಸುತ್ತಿದ್ದ ಅಮೆರಿಕದ ಶ್ವೇತಭವನದಲ್ಲಿ, ಇರಾನ್-ಕಾಂಟ್ರಾ ಹಗರಣದ ಸಮಯದಲ್ಲಿ ಅಲ್ಲಿನ ಅಧಿಕಾರಿಗಳಾದ ಆಲಿವರ್ ನಾರ್ತ್ ಮತ್ತು ಜಾನ್ ಪಾಯಿಂಡೆಕ್ಸ್ಟರ್ ಅಳಿಸಿಹಾಕಿದ್ದ ಸಂದೇಶಗಳು ಬ್ಯಾಕಪ್ ಟೇಪುಗಳಲ್ಲಿ ಉಳಿದು ತನಿಖೆ ನಡೆಸಿದವರ ಕೈಸೇರಿದವು. ಆದ್ದರಿಂದ ವೈದ್ಯರ ಭೇಟಿ, ಕೋರ್ಟಿನ ತಾರೀಖು, ಬೇರೆ ಕಂಪನಿಯ ಇಂಟರ್‌ವ್ಯೂ ಇವೆಲ್ಲ ಸ್ವಂತ ಖಾತೆಯ ಕ್ಯಾಲೆಂಡರ್‌ನಲ್ಲಿರಬೇಕು. ಕಚೇರಿಯದರಲ್ಲಿ ಆ ಹೊತ್ತಿಗೆ ಶೀರ್ಷಿಕೆಯಿಲ್ಲದ ಒಂದು ‘ಬಿಡುವಿಲ್ಲ’ ಸಾಕು.

ಕರ್ನಾಟಕದ ನೌಕರರಿಗೆ ಇದೆಲ್ಲಕ್ಕಿಂತ ಹೆಚ್ಚು ತಟ್ಟುವುದು ರಾತ್ರಿಯ ಸಮಸ್ಯೆ. ಅಂಕೆಗಳ ಆ ಸಾಲಿಗೆ ನಮೂದು ಇದೆಯೇ ಇಲ್ಲವೇ ಎಂಬುದಷ್ಟೇ ಗೊತ್ತು, ನಿದ್ದೆ ಗೊತ್ತಿಲ್ಲ. ಏನೂ ಬರೆಯದ ರಾತ್ರಿ 11 ಗಂಟೆ ಕೂಡ ಅದರ ಪಾಲಿಗೆ 0. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರ ಕಚೇರಿ ವೇಳೆ ಬೇಸಿಗೆಯಲ್ಲಿ ಬೆಂಗಳೂರಿನ ರಾತ್ರಿ 9.30ರಿಂದ ಬೆಳಗಿನ 6.30, ಎರಡೂ ಕಡೆಯ ಕಚೇರಿ ವೇಳೆ ಕೂಡುವುದೇ ಇಲ್ಲ. ಲಂಡನ್ನಿನ ವಿಷಯ ಇಷ್ಟು ಕಠಿಣವಲ್ಲ, ಅಲ್ಲಿನ ಬೆಳಗಿನ 9 ಗಂಟೆ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಕೆಲಸದ ವೇಳೆಯನ್ನು ಕ್ಯಾಲೆಂಡರ್‌ನಲ್ಲಿ ನಮೂದಿಸಿದರೆ ಔಟ್‌ಲುಕ್ ಉಳಿದ ಹೊತ್ತನ್ನು ಮಸುಕು ಬಣ್ಣದಲ್ಲಿ ತೋರಿಸುತ್ತದೆ, ಗೂಗಲ್ ಇನ್ವೈಟ್ ಕಳಿಸುವವರಿಗೆ ಎಚ್ಚರಿಕೆ ಕೊಡುತ್ತದೆ. ಎರಡೂ ತಡೆಯುವುದಿಲ್ಲ. ಎಚ್ಚರಿಕೆಯನ್ನು ಓದಿ ಕೈ ಹಿಂತೆಗೆಯುವುದು ಕಳಿಸುವವರ ಸೌಜನ್ಯಕ್ಕೆ ಬಿಟ್ಟದ್ದು. ಸೌಜನ್ಯಕ್ಕೂ ಮೊದಲು ಆ ಎಚ್ಚರಿಕೆ ಬರಲೆಂದಾದರೂ ಕೆಲಸದ ವೇಳೆಯನ್ನು ನಮೂದಿಸಿಡುವುದು ಹೊಸ ನೌಕರರು ಮೊದಲ ವಾರವೇ ಮಾಡಬೇಕಾದ ಕೆಲಸ.

ಅಮೆರಿಕ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುತ್ತದೆ, ಭಾರತ ತಿರುಗಿಸುವುದಿಲ್ಲ. ಇದರ ಪರಿಣಾಮ ಪ್ರತಿವಾರ ನಡೆಯುವ ಮೀಟಿಂಗ್‌ಗಳ ಮೇಲೆ ಬೀಳುತ್ತದೆ. ಇಂಥ ಮೀಟಿಂಗ್ ಅಂಟಿಕೊಂಡಿರುವುದು ಸಾಮಾನ್ಯವಾಗಿ ಅದನ್ನು ಕರೆದವರ ಊರಿನ ಗಡಿಯಾರಕ್ಕೆ. ಕ್ಯಾಲಿಫೋರ್ನಿಯಾದಿಂದ ಬೆಳಿಗ್ಗೆ 8ಕ್ಕೆಂದು ಇಟ್ಟ ಮೀಟಿಂಗ್ ಬೆಂಗಳೂರಿನಲ್ಲಿ ಬೇಸಿಗೆಯಿಡೀ ರಾತ್ರಿ 8.30ಕ್ಕೆ ನಡೆದು, ನವೆಂಬರ್‌ನ ಮೊದಲ ಭಾನುವಾರ ಕಳೆಯುತ್ತಲೇ ಯಾರನ್ನೂ ಕೇಳದೆ 9.30ಕ್ಕೆ ಜಾರುತ್ತದೆ, ಮಾರ್ಚ್‌ನ ಎರಡನೆಯ ಭಾನುವಾರದವರೆಗೆ ಅಲ್ಲೇ ಇರುತ್ತದೆ. ಅದೇ ಮೀಟಿಂಗನ್ನು ಬೆಂಗಳೂರಿನವರು ಇಲ್ಲಿನ ಸಮಯಕ್ಕೆ ಇಟ್ಟಿದ್ದರೆ ಜಾರುವುದು ಆ ಕಡೆಯವರ ಹೊತ್ತು. ಯುರೋಪ್ ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರಗಳಂದು. ಹಾಗಾಗಿ ಮೂರೂ ಕಡೆಯವರು ಸೇರುವ ಮೀಟಿಂಗ್‌ನಲ್ಲಿ ವರ್ಷಕ್ಕೆ ಕೆಲವು ವಾರ ಯಾರೋ ಒಬ್ಬರು ಬೇಗನೆಯೋ ತಡವಾಗಿಯೋ ಬರುವುದು ಖಂಡಿತ ಎಂಬಂತಾಗಿದೆ. ವಾರದ ಮೀಟಿಂಗನ್ನು ಯಾವ ಊರಿನವರು ಕರೆಯಬೇಕು ಎಂಬುದು ಈ ದೃಷ್ಟಿಯಿಂದ ಚರ್ಚಿಸಿ ತೀರ್ಮಾನಿಸತಕ್ಕ ವಿಷಯ, ಏಕೆಂದರೆ ರಾತ್ರಿ 9.30ರ ಹೊರೆ ಊಟಕ್ಕೆ ಕಾದಿರುವ ಮನೆಯವರ ಮೇಲೂ ಬೀಳುತ್ತದೆ.

ರಜೆಗಳ ವಿಷಯದಲ್ಲೂ ಇಂಥದೇ ತೊಡಕು. ನವೆಂಬರ್ 1ರ ಕನ್ನಡ ರಾಜ್ಯೋತ್ಸವ ಬೆಂಗಳೂರಿನ ಕಚೇರಿಗೆ ರಜೆ, ಅದೇ ಕಂಪನಿಯ ಹೈದರಾಬಾದ್ ಕಚೇರಿಗೆ ಮಾಮೂಲಿ ದಿನ. ಜೂನ್ 2ರ ತೆಲಂಗಾಣ ಸಂಸ್ಥಾಪನಾ ದಿನ ಇದಕ್ಕೆ ತಿರುಗುಮುರುಗು. ಇಲ್ಲಿ ಔಟ್‌ಲುಕ್‌ನ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ದಿನಪೂರ್ತಿಯ ಕಾರ್ಯಕ್ರಮವೊಂದನ್ನು ಸೇರಿಸಿದರೆ ಅದರ ಸ್ಥಿತಿ ತಾನಾಗಿಯೇ ‘ಬಿಡುವು’ ಎಂದಾಗುತ್ತದೆ. ಹುಟ್ಟುಹಬ್ಬ, ವಾರ್ಷಿಕೋತ್ಸವಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಏರ್ಪಾಡು ಅದು. ‘ರಜೆ, ಊರಿಗೆ ಹೋಗಿದ್ದೇನೆ’ ಎಂದು ದಿನಪೂರ್ತಿ ಬರೆದಿಟ್ಟವರು ಸ್ಥಿತಿಯನ್ನು ‘ಕಚೇರಿಯಲ್ಲಿಲ್ಲ’ ಎಂದು ಬದಲಿಸದೆ ಹೋದರೆ, ವಿವರ ಕಾಣದ ಸಹೋದ್ಯೋಗಿಗೆ ಆ ದಿನವಿಡೀ ಅವರು ಬಿಡುವಾಗಿದ್ದಾರೆಂದೇ ತೋರುತ್ತದೆ. ರಜೆಯ ದಿನ ಬರುವ ಎಷ್ಟೋ ಇನ್ವೈಟ್‌ಗಳ ಹಿಂದೆ ಕಳಿಸಿದವರ ಒರಟುತನಕ್ಕಿಂತ ಈ ಸಣ್ಣ ಆಯ್ಕೆಯೇ ಇರಬಹುದು.

ಸಂಸ್ಥೆಯ ಹೊರಗಿನವರಿಗೆ ಕ್ಯಾಲೆಂಡರ್ ತೋರಿಸುವಾಗ ಇನ್ನೂ ಬಿಗಿ ಬೇಕು. ಗೂಗಲ್ ಕ್ಯಾಲೆಂಡರನ್ನು ‘ಸಾರ್ವಜನಿಕ’ ಎಂದು ಗುರುತಿಸಿದರೆ ಅದು ಹುಡುಕಾಟದಲ್ಲಿ ಯಾರ ಕಣ್ಣಿಗಾದರೂ ಬೀಳಬಹುದು. ವಿವರಗಳೂ ತೆರೆದಿದ್ದರೆ ಮೀಟಿಂಗ್‌ಗಳ ವಿಡಿಯೊ ಲಿಂಕ್, ಡಯಲ್ ಮಾಡುವ ನಂಬರ್, ಗ್ರಾಹಕರ ಹೆಸರು ಎಲ್ಲವೂ ಜೊತೆಗೆ ಹೋಗುತ್ತವೆ. ಬೇರೆ ಆ್ಯಪ್‌ಗೆ ಜೋಡಿಸಲೆಂದು ಕೊಡುವ ‘ರಹಸ್ಯ ವಿಳಾಸ’ ಎಂಬ ಲಿಂಕ್ ಕೂಡ ಇದೆ. ಅದಕ್ಕೆ ಲಾಗಿನ್ ಬೇಕಿಲ್ಲ, ಲಿಂಕ್ ಸಿಕ್ಕವರಿಗೆಲ್ಲ ಎಲ್ಲವೂ ಕಾಣುತ್ತದೆ. ಕೈತಪ್ಪಿ ಯಾರಿಗಾದರೂ ಹೋಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ರೀಸೆಟ್ ಮಾಡಿ ಹಳೆಯದನ್ನು ರದ್ದುಪಡಿಸಬೇಕು. ಹೊರಗಿನವರಿಗೆ ಕ್ಯಾಲೆಂಡರ್ ಬದಲು ಖಾಲಿ ಸ್ಲಾಟ್‌ಗಳನ್ನಷ್ಟೇ ತೋರಿಸುವುದು ಒಳ್ಳೆಯ ದಾರಿ. 2013ರಲ್ಲಿ ಶುರುವಾದ ಕ್ಯಾಲೆಂಡ್ಲಿ ಇದನ್ನು ಜನಪ್ರಿಯಗೊಳಿಸಿತು, ಈಗ ಗೂಗಲ್ ಮತ್ತು ಮೈಕ್ರೋಸಾಫ್ಟ್ ಎರಡರಲ್ಲೂ ಅಂಥ ಬುಕಿಂಗ್ ಪುಟದ ಸೌಲಭ್ಯವಿದೆ. ಬರುವವರು ತೋರಿಸಿದ ಸ್ಲಾಟ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ, ಉಳಿದ ದಿನ ಹೇಗೆ ಕಳೆಯುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಕೆಲಸ ಬಿಟ್ಟು ಹೋಗುವವರ ಕ್ಯಾಲೆಂಡರ್ ಬಗ್ಗೆ ಹಸ್ತಾಂತರದ ಪಟ್ಟಿಗಳಲ್ಲಿ ಬಹಳ ಸಲ ಒಂದು ಮಾತೂ ಇರುವುದಿಲ್ಲ. ಅವರು ಕರೆದಿದ್ದ ವಾರದ ಮೀಟಿಂಗ್‌ಗಳು ಉಳಿದವರ ಕ್ಯಾಲೆಂಡರ್‌ಗಳಲ್ಲಿ ಹಾಗೇ ಮುಂದುವರಿದು, ಯಾರೂ ಬಳಸದ ಕೋಣೆಯನ್ನು ಹಿಡಿದಿಟ್ಟುಕೊಂಡು, ಎಲ್ಲರ ಬಿಡುವಿನ ಒಂದು ಗಂಟೆಯನ್ನು ತಿನ್ನುತ್ತಿರುತ್ತವೆ. ಗೂಗಲ್‌ನಲ್ಲಿ ಮೀಟಿಂಗಿನ ಒಡೆತನವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು. ಖಾತೆ ಅಳಿಸುವಾಗ ಅಡ್ಮಿನ್ ಕೂಡ ಇದನ್ನು ಮಾಡಬಹುದು. ಔಟ್‌ಲುಕ್‌ನಲ್ಲಿ ಮೀಟಿಂಗ್ ಕರೆದವರನ್ನು ಬದಲಿಸುವ ದಾರಿ ಬಹುಕಾಲ ಇರಲೇ ಇಲ್ಲ. ಹಳೆಯದನ್ನು ರದ್ದುಮಾಡಿ ಹೊಸಬರ ಹೆಸರಿನಲ್ಲಿ ಮತ್ತೆ ಕಳಿಸುವುದೇ ಅಲ್ಲಿನ ಕ್ರಮವಾಗಿತ್ತು. ಹೋಗುವವರು ಹಾಗೆ ಮಾಡದೆ ಹೋಗಿದ್ದರೆ, ಅವರ ಮೇಲ್‌ಬಾಕ್ಸ್ ಉಳಿದಿರುವವರೆಗೆ ಎಕ್ಸ್‌ಚೇಂಜ್ ಅಡ್ಮಿನ್ ಒಂದು ಆದೇಶದಿಂದ ಅವರು ಕರೆದಿದ್ದ ಮುಂದಿನ ಮೀಟಿಂಗ್‌ಗಳನ್ನೆಲ್ಲ ರದ್ದುಮಾಡಬಹುದು. ಮೇಲ್‌ಬಾಕ್ಸ್ ಅಳಿಸಿದ ಮೇಲೆ ಆ ದಾರಿ ಮುಚ್ಚುತ್ತದೆ, ಆಗ ಪ್ರತಿಯೊಬ್ಬರೂ ತಮ್ಮ ತಮ್ಮ ಕ್ಯಾಲೆಂಡರ್‌ನಿಂದ ಅದನ್ನು ಕೈಯಾರೆ ಅಳಿಸಬೇಕಾಗುತ್ತದೆ.